ಮೊದಲು ತಣ್ಣೀರು

ಹಾಲುಬಟ್ಟೆ ತೊಳೆಯುವ ಮನೆಗೆ ಸೊಸೆಯಾಗಿ ಬಂದವಳಿಗೆ ಅಡುಗೆಮನೆಗಿಂತ ಮೊದಲು ಬಟ್ಟೆಕಟ್ಟೆ ತೋರಿಸುತ್ತಾರೆ. ನನಗೂ ಹಾಗೇ ಆಯಿತು. ತಲೆಯ ಮೇಲಿನ ಅಕ್ಕಿಕಾಳು ಇನ್ನೂ ಉದುರಿರಲಿಲ್ಲ, ನಮ್ಮತ್ತೆ ಬೈರಮ್ಮ ಕೈ ಹಿಡಿದು ಊರ ಹೊರಗಿನ ಕಾಲುವೆ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಎರಡು ಕಲ್ಲಿನ ತೊಟ್ಟಿ, ಒಲೆ ಮೇಲೆ ಒಂದು ತಾಮ್ರದ ಹಂಡೆ. "ನೋಡು ಕೆಂಚಿ," ಅಂದಳು, "ಮೊದಲು ತಣ್ಣೀರು. ಆಮೇಲೆ ಉಗುರುಬೆಚ್ಚಗಿನದು. ಕೊನೆಗೆ ಹಂಡೆ. ಹಿಂಡಬಾರದು, ಅದುಮಬೇಕು. ವಾಸನೆ ಸೋಪು ಹತ್ತಿರ ತರಬಾರದು. ಇಷ್ಟೇ ಕೆಲಸ. ಸಾಯೋತನಕ ಇಷ್ಟೇ."

ನಮ್ಮೂರಲ್ಲಿ ಎಲ್ಲ ಮನೆಯಲ್ಲೂ ಹಾಲುಗಟ್ಟಿ ಮಾಡುತ್ತಾರೆ. ಆಡಿನ ಹಾಲು ಕಾಯಿಸಿ, ನಿನ್ನೆ ಒಡೆದ ಹಾಲಿನಿಂದ ಬಸಿದ ಒಡಕು ನೀರು ಹುಳಿಯಾದದ್ದನ್ನು ಸುರಿದರೆ ಹಾಲು ಒಡೆಯುತ್ತದೆ. ಅದನ್ನು ಬಟ್ಟೆಗೆ ಹಾಕಿ, ಗಂಟು ಕಟ್ಟಿ, ಅಡುಗೆಮನೆಯ ತೊಲೆಗೆ ತೂಗುಹಾಕಿದರೆ ನೀರು ತೊಟ್ಟಿಕ್ಕಿ ಗಟ್ಟಿ ಉಳಿಯುತ್ತದೆ. ಉಪ್ಪು ಸವರಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಬಟ್ಟೆ ಮಾತ್ರ ಯಾರದೋ ಒಂದು ಆಗುವುದಿಲ್ಲ. ಕೂಸು ಹುಟ್ಟಿದ ದಿನ ಅದಕ್ಕೊಂದು ಬಟ್ಟೆ ನೇಯಿಸಿ, ಮೂಲೆಯಲ್ಲಿ ತಾಯಿ ಬಣ್ಣದ ದಾರದ ಗುರುತು ಹಾಕುತ್ತಾಳೆ. ಆ ಜೀವ ಇರುವವರೆಗೆ ಆ ಬಟ್ಟೆ ನೀರು ಬಿಡುತ್ತದೆ. ಜೀವ ಹೋದ ದಿನ ಬಟ್ಟೆ ಮುಚ್ಚಿಕೊಳ್ಳುತ್ತದೆ, ಹಾಕಿದ ಹಾಲು ಹಾಕಿದ ಹಾಗೇ ನಿಲ್ಲುತ್ತದೆ. ಮನೆಯಲ್ಲೇ ಸತ್ತವರ ಬಟ್ಟೆಯನ್ನು ಯಾರೂ ನೋಡಲು ಹೋಗುವುದಿಲ್ಲ, ಹೆಣದ ಜೊತೆಗೇ ಸುತ್ತಿ ಕಳಿಸುತ್ತಾರೆ. ಊರು ಬಿಟ್ಟು ಹೋದವರ ಬಟ್ಟೆಯೇ ಬಟ್ಟೆ. ಅವರ ಮನೆಯಲ್ಲಿ ಬೇರೆ ಯಾರ ಬಟ್ಟೆ ತಪ್ಪಿದರೂ ಅವರದು ತಪ್ಪಕೂಡದು, ದಿನಾ ಬೆಳಿಗ್ಗೆ ಅದಕ್ಕೇ ಹಾಲು. ಕೆಳಗಿಟ್ಟ ಪಾತ್ರೆಗೆ ಮೊದಲ ಹನಿ ಬಿದ್ದ ಸದ್ದು ಕೇಳಿದ ಮೇಲೆಯೇ ಆ ಮನೆಯ ಹೆಂಗಸು ತಲೆ ಬಾಚಿಕೊಳ್ಳುವುದು. ನಮ್ಮೂರಿಗೆ ಕಾಗದ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬಟ್ಟೆ ತೊಳೆಯುವುದು ಮಾತ್ರ ನಮ್ಮ ಮನೆಯದೇ ಕೆಲಸ. ಬೆಳಿಗ್ಗೆ ಮನೆಮನೆಯಿಂದ ಬುಟ್ಟಿಯಲ್ಲಿ ತರಬೇಕು, ಸಂಜೆಗೆ ಮಡಚಿ ವಾಪಸು ಕೊಡಬೇಕು. ಮೊದಲು ತಣ್ಣೀರು ಯಾಕೆ ಎಂದು ಊರಿನವರಿಗೆ ಗೊತ್ತಿರಲಿಲ್ಲ. ಅದೊಂದು ಶಾಸ್ತ್ರ, ಜೀವಕ್ಕೆ ತಂಪೆರೆಯುವುದು ಎಂದುಕೊಂಡಿದ್ದರು. ಕಾರಣ ಬೇರೆ ಇತ್ತು, ಅದು ನಮ್ಮ ಮನೆಯ ಹೆಂಗಸರಿಗೆ ಮಾತ್ರ ಗೊತ್ತಿತ್ತು. ಎಳೆಗಳ ನಡುವೆ ಹಾಲಿನ ಪಸೆ ಉಳಿದಿರುತ್ತದೆ. ತಣ್ಣೀರು ಅದನ್ನು ಬಿಡಿಸುತ್ತದೆ. ಮೊದಲೇ ಕುದಿನೀರಿಗೆ ಹಾಕಿದರೆ ಪಸೆ ಅಲ್ಲೇ ಬೆಂದು, ಅಂಟಿನಂತೆ ಕೂತು, ನೇಯ್ಗೆಯ ಕಣ್ಣು ಕಣ್ಣನ್ನೂ ಮುಚ್ಚಿಬಿಡುತ್ತದೆ. ಆಗ ಬದುಕಿರುವವನ ಬಟ್ಟೆಯೂ ಸತ್ತವನ ಬಟ್ಟೆಯ ಹಾಗೇ ಇರುತ್ತದೆ. ನೋಡಿ ಹೇಳಲು ಆಗುವುದಿಲ್ಲ, ಮುಟ್ಟಿದರೆ ಸ್ವಲ್ಪ ಬಿರುಸು ಅನ್ನಿಸಬಹುದು, ಅಷ್ಟೇ. ಅದಕ್ಕೇ ನಮ್ಮತ್ತೆ ಸಂಜೆ ಒಂದೊಂದು ಬಟ್ಟೆಗೂ ಒಂದು ಬೊಗಸೆ ನೀರು ಸುರಿದು, ಇಳಿಯುವುದನ್ನು ನೋಡಿಯೇ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ನಾನು ಹೇಳುವುದು ನನ್ನ ಇಪ್ಪತ್ತೆರಡನೇ ವರ್ಷದ ಮಾತು. ಆ ಸಲದ ಚಳಿಯಲ್ಲಿ ಕಾಲುವೆಯ ಅಂಚಿನಲ್ಲಿ ನೀರು ಹರಳುಗಟ್ಟುತ್ತಿತ್ತು. ನನ್ನ ಬೆರಳುಗಳು ಒಡೆದು ರಕ್ತ ಬರುತ್ತಿತ್ತು, ಆರು ತಿಂಗಳ ಮಗಳಿಗೆ ಜ್ವರ. ಅವತ್ತು ಅತ್ತೆ ಮೇಲಿನ ಕೇರಿಗೆ ಹೆರಿಗೆಗೆ ಹೋಗಿದ್ದಳು, ಹೊಸ ಕೂಸಿನ ಬಟ್ಟೆಗೆ ಮೊದಲ ನೀರು ತೋರಿಸುವುದೂ ನಮ್ಮದೇ ಕೆಲಸ. ಮಗು ಮರದ ಬುಡದಲ್ಲಿ ಚಾಪೆ ಮೇಲೆ ಮಲಗಿ ಅಳುತ್ತಿತ್ತು. ಬುಟ್ಟಿಯ ತಳದಲ್ಲಿ ಒಂದೇ ಒಂದು ಬಟ್ಟೆ ಉಳಿದಿತ್ತು. ತಣ್ಣೀರ ತೊಟ್ಟಿ ಅಷ್ಟು ಹೊತ್ತಿಗೆ ಬೆಳ್ಳಗೆ ಕಲಕಿಹೋಗಿತ್ತು. ಅದನ್ನು ಚೆಲ್ಲಬೇಕು, ತೊಟ್ಟಿ ಉಜ್ಜಬೇಕು, ಕಾಲುವೆಯಿಂದ ಎಂಟು ಕೊಡ ಹೊಸ ನೀರು ತರಬೇಕು. ಒಂದು ಬಟ್ಟೆಗೆ. ಹಂಡೆ ಪಕ್ಕದಲ್ಲೇ ಕುದಿಯುತ್ತಿತ್ತು. ನಾನು ಆ ಬಟ್ಟೆಯನ್ನು ಹಂಡೆಗೆ ಹಾಕಿದೆ. ಕೋಲಿನಿಂದ ಎರಡು ಸುತ್ತು ತಿರುವಿದೆ. ಬಿಸಿನೀರಿನ ಹಬೆಗೆ ಕೈ ಹಿಡಿದು ಒಂದು ಗಳಿಗೆ ನಿಂತುಕೊಂಡೆ. ಎಷ್ಟು ಹಿತವಾಗಿತ್ತು ಎಂದು ಈಗಲೂ ನೆನಪಿದೆ.

ಮೂಲೆಯಲ್ಲಿ ನೀಲಿ ದಾರದ ಎರಡು ಹೊಲಿಗೆ, ನಡುವೆ ಒಂದು ಗಂಟು. ಅದು ಲಕ್ಕಣ್ಣನ ಬಟ್ಟೆ. ಲಕ್ಕಣ್ಣ ಅಂದರೆ ನನ್ನ ಗೆಳತಿ ದ್ಯಾವಮ್ಮನ ಗಂಡ. ನಾಲ್ಕು ಜನರ ಜೊತೆ ಉಪ್ಪು ತರಲು ಹೋಗಿ ಮೂರು ತಿಂಗಳಾಗಿತ್ತು. ಅವನು ಬಾಯಿ ಮುಚ್ಚದ ಮನುಷ್ಯ. ನಾನು ಬುಟ್ಟಿ ಹೊತ್ತು ಅವರ ಬಾಗಿಲಿಗೆ ಹೋದರೆ, "ಕೆಂಚಕ್ಕ, ನನ್ನ ಪ್ರಾಣ ನಿನ್ನ ಕೈಲೈತೆ, ಸ್ವಲ್ಪ ನಯವಾಗಿ ಉಜ್ಜು ತಾಯಿ," ಅನ್ನುತ್ತಿದ್ದ. ದ್ಯಾವಿ ಒಳಗಿಂದ, "ನಿನ್ನ ನಾಲಿಗೇನೂ ಕೊಟ್ಟು ಕಳಿಸ್ತೀನಿ ತಡಿ, ಅದನ್ನೂ ಉಜ್ಜಲಿ," ಅನ್ನುತ್ತಿದ್ದಳು.

ಅತ್ತೆ ಅವತ್ತು ಸಂಜೆ ಬರಲಿಲ್ಲ, ಹೆರಿಗೆ ಕಷ್ಟವಾಗಿತ್ತು. ಬಟ್ಟೆಗಳಿಗೆ ನೀರು ಸುರಿದು ನೋಡುವವರು ಇರಲಿಲ್ಲ. ನಾನು ನೋಡಬಹುದಿತ್ತು. ಮಡಚಿ ಕೊಟ್ಟುಬಂದೆ.

ಮಾರನೇ ದಿನ ಬೆಳಿಗ್ಗೆ ದ್ಯಾವಮ್ಮನ ಮನೆಯಲ್ಲಿ ಹನಿ ಬೀಳಲಿಲ್ಲ. ನಮ್ಮಲ್ಲಿ ಒಂದು ಹಗಲು ಒಂದು ರಾತ್ರಿ ಕಾಯುತ್ತಾರೆ. ಅವಳು ಪಾತ್ರೆಯ ಮುಂದೆ ಕೂತೇ ಇದ್ದಳು, ತಲೆ ಬಾಚದೆ. ಆಮೇಲೆ ಗಂಟನ್ನು ಹಾಲಿನ ಸಮೇತ ಇಳಿಸಿ, ಊರ ಕೆಳಗಿನ ಬಯಲಿನಲ್ಲಿ ಹೂತು, ಗುರುತಿಗೆ ಒಂದು ಬಿಳಿಕಲ್ಲು ಇಟ್ಟು ಬಂದರು. ಮನೆಯಲ್ಲಿ ಅವನ ಊಟದ ತಟ್ಟೆ ಬೋರಲು ಹಾಕಿದರು. ಹದಿನೈದು ದಿನಕ್ಕೆ ಉಪ್ಪಿಗೆ ಹೋದವರಲ್ಲಿ ನಾಲ್ವರೇ ವಾಪಸು ಬಂದರು. ದಾರಿಯಲ್ಲಿ ಲಕ್ಕಣ್ಣನಿಗೆ ಕಾಯಿಲೆಯಾಯಿತು, ನಡೆಯಲಾಗದೆ ಯಾವುದೋ ಊರಿನ ಛತ್ರದಲ್ಲಿ ಬಿಟ್ಟು ಬಂದೆವು ಅಂದರು. ಕೇಳಿದವರೆಲ್ಲ ತಲೆಯಾಡಿಸಿದರು. ಬಟ್ಟೆ ಮೊದಲೇ ಹೇಳಿತ್ತಲ್ಲ.

ನಾನೂ ತಲೆಯಾಡಿಸಿದೆ. ಕಾಯಿಲೆಯವನು ಸತ್ತಿರಬಹುದು, ಅದೇ ದಿನವೇ ಸತ್ತಿರಬಹುದು. ನನ್ನ ಹಂಡೆಗೂ ಅವನ ಸಾವಿಗೂ ಒಂದೇ ದಿನ ಬಂದಿರಬಹುದು. ಹಾಗಂತ ಎಷ್ಟು ಸಲ ಅಂದುಕೊಂಡೆನೋ. ಅತ್ತೆ ಮಾತ್ರ ಒಂದು ದಿನ ಒಲೆಗೆ ಸೌದೆ ಹಾಕುತ್ತಾ ಕೇಳಿದಳು. "ನಾನು ಹೆರಿಗೆಗೆ ಹೋದ ದಿನ ಎಷ್ಟು ತೊಟ್ಟಿ ನೀರು ತುಂಬಿಸಿದೆ?"

"ಮೂರು," ಅಂದೆ.

"ಮೂವತ್ತೆಂಟು ಬಟ್ಟೆ ಇತ್ತು. ನಾಲ್ಕು ಬೇಕು."

ನಾನು ಅವಳ ಕೈಗೆ ಇನ್ನೊಂದು ಸೌದೆ ಕೊಟ್ಟೆ. ಅವಳು ಮುಂದೆ ಕೇಳಲಿಲ್ಲ.

ಲಕ್ಕಣ್ಣ ಬಂದದ್ದು ಊರು ಬಿಟ್ಟ ಒಂಬತ್ತನೇ ತಿಂಗಳಲ್ಲಿ, ಹೊತ್ತು ಏರಿದ ಮೇಲೆ, ಕುಂಟುತ್ತಾ, ಹೆಗಲ ಮೇಲೆ ಒಂದು ಚೀಲ ಉಪ್ಪು ಹೊತ್ತುಕೊಂಡು. ಬಟ್ಟೆ ಮುಚ್ಚಿಕೊಂಡವರು ನಡೆದು ಬಂದರೆ ನೋಡಬಾರದು, ಮಾತಾಡಿಸಬಾರದು, ಪಾಪ ಅವರಿಗೆ ತಾವು ಸತ್ತದ್ದು ಗೊತ್ತಿರುವುದಿಲ್ಲ ಎಂದು ನಮ್ಮಲ್ಲಿ ಹಿಂದಿನಿಂದಲೂ ಹೇಳುತ್ತಾರೆ. ಹಾಗೆ ಬಂದವರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಆದರೂ ಏನು ಮಾಡಬೇಕೆಂದು ಅವತ್ತು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಅವನು ಬೀದಿಯಲ್ಲಿ ಬರುತ್ತಿದ್ದ ಹಾಗೆ ಜನ ಗೋಡೆ ಕಡೆ ಮುಖ ತಿರುಗಿಸಿದರು. ಅವನು ಮೊದಲು ಆಟ ಅಂದುಕೊಂಡ. ಈಗ ಊರ ಹಿರಿಯನಾದ ತಮ್ಮಣ್ಣಯ್ಯ ಆಗ ಇನ್ನೂ ಗಟ್ಟಿಮುಟ್ಟಾದ ಗಂಡಸು, ಲಕ್ಕಣ್ಣನ ಜೊತೆ ಆಡಿ ಬೆಳೆದವನು. ಲಕ್ಕಣ್ಣ ಅವನ ಮುಂದೆ ನಿಂತು, "ಏನಪ್ಪ ತಮ್ಮಣ್ಣ, ಕಿವಿ ಹೋಯ್ತೋ ಕಣ್ಣು ಹೋಯ್ತೋ? ಉಪ್ಪಿಲ್ಲದೆ ಎರಡೂ ಹೋಗಿರಬೇಕು, ತಗೋ," ಎಂದು ಚೀಲ ತಟ್ಟಿ ನಕ್ಕ. ತಮ್ಮಣ್ಣಯ್ಯ ಅವನ ಪಕ್ಕದಿಂದ, ಕಂಬ ಬಳಸಿ ಹೋಗುವ ಹಾಗೆ ಬಳಸಿ ಹೋದ. ಲಕ್ಕಣ್ಣನ ಮನೆಯ ಬಾಗಿಲು ಮುಚ್ಚಿತ್ತು. ಬಡಿದ, ಕರೆದ. ಕಿಟಕಿಯಲ್ಲಿ ಇಣುಕಿದಾಗ ಗೂಡಿನಲ್ಲಿ ಬೋರಲು ಬಿದ್ದ ತಟ್ಟೆ ಕಂಡಿರಬೇಕು. ಆಮೇಲೆ ಬಡಿಯಲಿಲ್ಲ.

ಬಂದು ಬಟ್ಟೆಕಟ್ಟೆಯ ಮೇಲೆ ಕೂತ. ಮೂರು ದಿನ ಅಲ್ಲೇ ಕೂತಿದ್ದ. ನನಗೆ ಕೆಲಸ ಬಿಡುವ ಹಾಗಿರಲಿಲ್ಲ. ಅವನು ಅಲ್ಲಿ, ನಾನು ಇಲ್ಲಿ, ನಡುವೆ ಒಂದು ತೊಟ್ಟಿ. ಅವನ ನೆರಳು ನೀರಿನ ಮೇಲೆ ಬೀಳುತ್ತಿತ್ತು, ನಾನು ಆ ನೆರಳಿನೊಳಗೆ ಕೈ ಹಾಕಿ ಬಟ್ಟೆ ಅದುಮುತ್ತಿದ್ದೆ. ಮೊದಲನೇ ದಿನ ಅವನು ದಾರಿಯ ಕಥೆ ಹೇಳಿದ. ಛತ್ರದಲ್ಲಿ ಒಬ್ಬಳು ಮುದುಕಿ ಗಂಜಿ ಕೊಟ್ಟು ಬದುಕಿಸಿದಳಂತೆ, ಕಾಲು ಮಾತ್ರ ಸರಿಯಾಗಲಿಲ್ಲವಂತೆ. ಎರಡನೇ ದಿನ, "ಕೆಂಚಕ್ಕ, ನೀನಾದರೂ ಹೇಳು, ನಾನು ಸತ್ತಿದೀನಾ?" ಎಂದು ಕೇಳಿದ. ಹಾಸ್ಯಕ್ಕೆ ಕೇಳಿದ ಹಾಗಿರಲಿಲ್ಲ. ತನ್ನ ಕೈ ಚಾಚಿ ತಾನೇ ನೋಡಿಕೊಂಡ. ನಾನು ತಲೆ ಎತ್ತಲಿಲ್ಲ.

ಅವತ್ತೇ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅತ್ತೆ ಬಾಗಿಲ ಹತ್ತಿರ ನಿಲ್ಲಿಸಿಕೊಂಡಳು. "ಈಗ ಬಾಯಿ ಬಿಟ್ಟೆ ಅಂದರೆ ಏನಾಗುತ್ತೆ ಗೊತ್ತಾ? ನಿನ್ನನ್ನ ಊರು ಬಿಡಿಸ್ತಾರೆ ಅನ್ನೋದಲ್ಲ, ಅದು ಹಾಳಾಗಿ ಹೋಗಲಿ. ಒಂದು ಬಟ್ಟೆ ಸುಳ್ಳು ಅಂದರೆ ಎಲ್ಲಾ ಬಟ್ಟೆಯೂ ಸುಳ್ಳು. ಊರೆಲ್ಲ ಹೂತಿದ್ದನ್ನ ಅಗೀತಾರೆ. ಎಷ್ಟು ವರ್ಷದಿಂದ ಸಮಾಧಾನ ಮಾಡಿಕೊಂಡಿರೋ ತಾಯಂದಿರು ಅವರು. ನೀನು ಒಬ್ಬನನ್ನ ಬದುಕಿಸೋಕೆ ಹೋಗಿ ಅಷ್ಟೂ ಜನರನ್ನ ಇನ್ನೊಂದು ಸಲ ಸಾಯಿಸ್ತೀಯ."

ಅವಳ ಮಾತು ಮುಗಿಯುವ ಹೊತ್ತಿಗೆ ದ್ಯಾವಮ್ಮ ಬಂದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಹಿತ್ತಲ ಕಡೆಯಿಂದ. ಅತ್ತೆಯನ್ನು ನೋಡಲಿಲ್ಲ, ನೇರ ನನ್ನ ಮುಂದೆ ನಿಂತಳು.

"ಕೆಂಚಿ, ಆ ಬಟ್ಟೆ ನೀನೇ ತೊಳೆದದ್ದು."

"ಹೌದು."

"ತೊಳೆಯೋದರಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿತ್ತಾ? ಆಗಿತ್ತು ಅನ್ನು, ಈಗಲೇ ಹೋಗಿ ಬಾಗಿಲು ತೆಗೀತೀನಿ. ಯಾರು ಏನಾದರೂ ಅನ್ಕೊಳ್ಳಲಿ. ಇಲ್ಲ ಅಂದರೆ ತೆಗೆಯಲ್ಲ. ನೀನು ಹೇಳಿದ ಹಾಗೆ."

ಅತ್ತೆ ನನ್ನ ಹಿಂದೆ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯ ಬೆತ್ತ ಕಿರ್ ಅಂದದ್ದು ಕೇಳಿಸಿತು. ಒಳಗೆ ಮಗು ನಿದ್ದೆಯಲ್ಲಿ ಕೆಮ್ಮಿತು. ದ್ಯಾವಿಯ ಕೆಳತುಟಿ ಒಡೆದಿತ್ತು, ಎರಡು ದಿನದಿಂದ ಅವಳು ನೀರು ಸಹ ಕುಡಿದಿರಲಿಕ್ಕಿಲ್ಲ.

"ಇಲ್ಲ," ಅಂದೆ. "ಏನೂ ಆಗಿರಲಿಲ್ಲ."

"ಸರಿ," ಅಂದಳು. ಬಂದ ದಾರಿಯಲ್ಲೇ ಹೋದಳು.

ಮೂರನೇ ದಿನ ಮಧ್ಯಾಹ್ನ ಲಕ್ಕಣ್ಣ ಎದ್ದ. ತಣ್ಣೀರ ತೊಟ್ಟಿಗೆ ಬಾಯಿಟ್ಟು ದನದ ಹಾಗೆ ನೀರು ಕುಡಿದ. ಉಪ್ಪಿನ ಚೀಲವನ್ನು ಕಟ್ಟೆಯ ಮೇಲೇ ಬಿಟ್ಟು ಹೋದ. ಆ ಚೀಲವನ್ನು ಯಾರೂ ಮುಟ್ಟಲಿಲ್ಲ. ಆ ವರ್ಷದ ಮಳೆಗೆ ಉಪ್ಪು ಕರಗಿ ಕಲ್ಲಿಗೆ ಇಳಿಯಿತು. ಅಲ್ಲಿ ಈಗಲೂ ಬೆಳ್ಳನೆಯ ಕಲೆ ಇದೆ, ಬೇಸಿಗೆಯಲ್ಲಿ ಆಡುಗಳು ಬಂದು ನೆಕ್ಕುತ್ತವೆ.

ಅವನು ಹೋಗಿ ಹನ್ನೆರಡನೇ ದಿನ ಜೋರು ಮಳೆ ಬಂತು. ಮಧ್ಯಾಹ್ನದ ಹೊತ್ತು, ಊರೆಲ್ಲ ಒಳಗಿತ್ತು. ನಾನು ಗೋಣಿ ತಲೆಗೆ ಹಾಕಿಕೊಂಡು ಬಯಲಿಗೆ ಹೋಗಿ, ಬಿಳಿಕಲ್ಲು ಸರಿಸಿ, ಕೈಯಿಂದಲೇ ಅಗೆದೆ. ಬಟ್ಟೆ ಸಿಕ್ಕಿತು. ಮಣ್ಣು, ಕೊಳೆತ ಹಾಲು, ಆದರೆ ಎಳೆ ಗಟ್ಟಿಯಿತ್ತು, ನೀಲಿ ದಾರ ಹಾಗೇ ಇತ್ತು. ಕಲ್ಲು ಇದ್ದಲ್ಲೇ ಇಟ್ಟು ಬಂದೆ. ಮನೆಯ ಹಿಂದೆ ಹಳೆಯ ಮಡಕೆಯಲ್ಲಿ ತಣ್ಣೀರಿಗೆ ಹಾಕಿದೆ. ಎರಡು ದಿನ ಬಿಟ್ಟು ಹುಳಿಬಂದ ಒಡಕು ನೀರಿಗೆ. ಆಮೇಲೆ ಅಂಟುವಾಳದ ನೊರೆಗೆ, ಆಮೇಲೆ ತಿಳಿ ಬೂದಿನೀರಿಗೆ, ಮತ್ತೆ ತಣ್ಣೀರಿಗೆ. ಬೆರಳ ತುದಿಯಿಂದ ಎಳೆ ಎಳೆಯನ್ನೂ ಸವರಿ ಬಿಡಿಸಿದೆ. ದಿನಾ ಸಂಜೆ ಒಂದು ಬೊಗಸೆ ನೀರು ಸುರಿದು ನೋಡುವುದು, ನಿಲ್ಲುವುದು, ಮತ್ತೆ ನೆನೆಹಾಕುವುದು. ಒಂಬತ್ತನೇ ದಿನ ಸುರಿದ ನೀರು ನಡುವಿನಲ್ಲಿ ಒಂದು ಕಡೆ ಬೆವರಿತು. ನೋಡುತ್ತಿದ್ದ ಹಾಗೆ ಆ ಬೆವರು ದಪ್ಪವಾಗಿ, ಜೋತು, ಕೆಳಗೆ ಬಿತ್ತು. ಆಮೇಲೆ ಇನ್ನೊಂದು.

ನಾನು ಕೆಳಗೆ ಅಂಗೈ ಒಡ್ಡಿದೆ. ಅತ್ತೆ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ಬಿಸಿಲಿಗೆ ಹಾಕಬೇಡ," ಅಂದಳು. "ಯಾರಾದರೂ ನೋಡ್ತಾರೆ." ಒಳಗೆ ಹೋದಳು. ಎರಡು ವರ್ಷಕ್ಕೆ ತೀರಿಕೊಂಡಳು. ಅದರ ಬಗ್ಗೆ ಅವಳು ಆಡಿದ ಕೊನೆಯ ಮಾತು ಅದೇ.

ನಲವತ್ತೊಂದು ವರ್ಷ ಆ ಬಟ್ಟೆಗೆ ಬಿಸಿಲು ತೋರಿಸಲಿಲ್ಲ. ಒಲೆಯ ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆದು, ಮೊರ ಅಡ್ಡ ಇಟ್ಟು ಒಣಗಿಸುತ್ತಿದ್ದೆ. ಬಿಸಿಲು ಕಾಣದ ಬಟ್ಟೆಗೆ ಒಂದು ಮುಗ್ಗಲು ವಾಸನೆ ನಿಂತುಬಿಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ದಿನಾ ಬೆಳಿಗ್ಗೆ ನಮ್ಮ ಮನೆಯವರು ಏಳುವ ಮೊದಲು ಒಂದು ಲೋಟ ಹಾಲು ಅದಕ್ಕೆ. ಹನಿ ಬಿದ್ದರೆ, ಎಲ್ಲೋ ಇದ್ದಾನೆ. ಬಂದ ಅಷ್ಟಗಲ ಗಟ್ಟಿಯನ್ನು ನಾನೇ ತಿನ್ನುತ್ತಿದ್ದೆ, ಬೇರೆ ಯಾರಿಗೂ ಕೊಡಲಿಲ್ಲ, ಎಸೆಯಲು ಮನಸ್ಸು ಬರಲಿಲ್ಲ. ಮುಗ್ಗಲು ವಾಸನೆಯ ಗಟ್ಟಿ. ಉಪ್ಪು ಹಾಕುತ್ತಿರಲಿಲ್ಲ. ನನ್ನ ಗಂಡ ಒಂದು ಸಲ, "ಬೆಳಿಗ್ಗೆ ಬೆಳಿಗ್ಗೆ ಏನೇ ಅದು ಇಲಿ ಹಾಗೆ ಕಡಿಯೋದು?" ಎಂದು ಕೇಳಿದ. ಹೊಟ್ಟೆಗೆ ಔಷಧಿ ಅಂದೆ. ಮಗಳು ಬೆಳೆದಳು, ಮದುವೆಯಾಗಿ ಮೇಲಿನ ಕೇರಿಗೆ ಹೋದಳು, ಗಂಡ ಹೋದ. ಒಂಟಿಯಾದ ಮೇಲೆ ಮೊರ ಅಡ್ಡ ಇಡುವ ಕೆಲಸ ಇರಲಿಲ್ಲ, ಆದರೂ ಇಡುತ್ತಿದ್ದೆ.

ಕೆಲವು ದಿನ ಹನಿ ತಡವಾಗುತ್ತಿತ್ತು. ಕಾಲು ನೋಯುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಇಡೀ ಸಲೀಸಾಗಿ ಇಳಿಯಿತು, ಎಲ್ಲೋ ಯಾರೋ ಅನ್ನ ಹಾಕುತ್ತಿದ್ದಾರೆ ಅಂದುಕೊಂಡೆ. ಅವನ ಹೆಂಡತಿಗೆ ತಿಳಿಯದೆ ಇದ್ದದ್ದೆಲ್ಲ ನನಗೆ ತಿಳಿಯುತ್ತಿತ್ತು.

ದ್ಯಾವಮ್ಮ ಬೇರೆ ಮದುವೆಯಾಗಲಿಲ್ಲ. ಕೇಳಿಬಂದವರಿಗೆ, "ಒಬ್ಬನ ತಟ್ಟೆ ಬೋರಲು ಹಾಕಿದ್ದು ಸಾಕು," ಅಂದಳಂತೆ. ಅವಳ ಮನೆಯಿಂದ ಒಂದೇ ಬಟ್ಟೆ ಬರುತ್ತಿತ್ತು, ಅವಳದೇ, ಹಳದಿ ದಾರದ್ದು. ನಾನು ಬುಟ್ಟಿ ಹಿಡಿದು ಹೋದರೆ ಕೂರಿಸಿ ಮಾತಾಡುತ್ತಿದ್ದಳು. ವಯಸ್ಸಾದ ಮೇಲೆ ನನ್ನ ಮುಖ ನೋಡಿ, "ಏನೇ ಕೆಂಚಿ, ಇಷ್ಟು ಸುಕ್ಕಾಗಿದೀಯ, ನೀನೇ ಒಂದು ಸಲ ಹಂಡೆಗೆ ಬಿದ್ದು ಎದ್ದು ಬಾರೆ, ನೆಟ್ಟಗಾಗ್ತೀಯ," ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ನನ್ನ ಮೇಲೆ ಅವಳಿಗೆ ಎಷ್ಟು ನಂಬಿಕೆ ಅಂದರೆ, ಊರಲ್ಲಿ ಯಾರಾದರೂ ಬಟ್ಟೆ ಸರಿಯಾಗಿ ತೊಳೆದಿಲ್ಲ ಎಂದು ಗೊಣಗಿದರೆ ನನ್ನ ಪರವಾಗಿ ಜಗಳಕ್ಕೆ ಹೋಗುತ್ತಿದ್ದಳು.

ಹೋದ ವರ್ಷ ಹುರುಳಿ ಕೊಯ್ಲಿನ ಕಾಲದಲ್ಲಿ ಒಂದು ಬೆಳಿಗ್ಗೆ ಹಾಲು ನಿಂತಿತು. ಲೋಟದ ಹಾಲು ಬಟ್ಟೆಯ ಗುಳಿಯಲ್ಲಿ ಕಣ್ಣಿನ ಹಾಗೆ ನಿಂತು ನನ್ನನ್ನು ನೋಡಿತು. ಸಂಜೆಯವರೆಗೆ ಕಾದೆ. ಆಮೇಲೆ ನನ್ನ ಕೈ ಮೇಲೆ ನನಗೇ ಅನುಮಾನ ಬಂತು. ಈಗ ನನ್ನ ಬೆರಳಿಗೆ ಬಿಸಿ ತಣ್ಣಗೆ ಸರಿಯಾಗಿ ತಿಳಿಯುವುದಿಲ್ಲ, ಕಣ್ಣೂ ಮಂಜು. ಹಿಂದಿನ ದಿನ ಯಾವ ನೀರಿಗೆ ಹಾಕಿದೆ? ತಣ್ಣೀರಿಗೇ ಹಾಕಿದ ನೆನಪು, ಆದರೆ ಮುದುಕಿಯ ನೆನಪು. ಮತ್ತೆ ಒಂಬತ್ತು ದಿನ ಒಡಕು ನೀರು, ಅಂಟುವಾಳ, ಬೂದಿ, ಎಲ್ಲ ಮಾಡಿದೆ. ಹತ್ತನೇ ದಿನವೂ ನಿಂತಿತು. ಎಳೆಗಳು ನಯವಾಗಿಯೇ ಇದ್ದವು, ಬಿರುಸಿರಲಿಲ್ಲ. ಅಷ್ಟಾದ ಮೇಲೆ ಒಪ್ಪಿಕೊಂಡೆ.

ಇನ್ನು ಇಟ್ಟುಕೊಂಡು ಏನು ಮಾಡಲಿ? ಹೇಳದಿದ್ದರೆ ಅವನು ಸತ್ತದ್ದು ನನ್ನೊಬ್ಬಳಿಗೇ ಗೊತ್ತಿರುತ್ತದೆ. ಆ ಮನುಷ್ಯನಿಗೆ ಅತ್ತವರು ಇಲ್ಲವೆಂದಲ್ಲ, ಅತ್ತಿದ್ದರು, ಬದುಕಿದ್ದಾಗ. ನಿಜವಾಗಿ ಸತ್ತ ದಿನ ಒಬ್ಬರೂ ಇರಲಿಲ್ಲ. ಬೆಳಿಗ್ಗೆ ಬಟ್ಟೆಯನ್ನು ಬಟ್ಟಲಲ್ಲಿಟ್ಟು, ಮೇಲೆ ಏನೂ ಮುಚ್ಚದೆ, ಬೀದಿಯಲ್ಲೇ ನಡೆದು ದ್ಯಾವಮ್ಮನ ಮನೆಗೆ ಹೋದೆ.

ಅವಳು ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. "ಇಷ್ಟು ಬೇಗ ಬಂದೆ, ಬುಟ್ಟಿ ಎಲ್ಲಿ?" ಅಂದಳು. ನಾನು ಬಟ್ಟಲನ್ನು ಅವಳ ಮುಂದಿಟ್ಟೆ. ನೀಲಿ ದಾರವನ್ನು ಅವಳು ತಕ್ಷಣ ಗುರುತು ಹಿಡಿದಳು. ಮುಟ್ಟಲಿಲ್ಲ. ನಾನು ಹೇಳಿದೆ. ಚಳಿ, ಹಂಡೆ, ಮಗು, ಅತ್ತೆ, ಮಳೆಯಲ್ಲಿ ಅಗೆದದ್ದು, ಮೊಳೆ, ಮೊರ, ಎಲ್ಲ. ಹೇಳಿ ಮುಗಿಯುವವರೆಗೆ ಅವಳ ಕೈಯಲ್ಲಿದ್ದ ಹುರುಳಿ ಕೈಯಲ್ಲೇ ಇತ್ತು.

ಬಟ್ಟೆಯ ಕಡೆ ನೋಡುತ್ತಲೇ ಕೇಳಿದಳು. "ಯಾವತ್ತು ನಿಂತದ್ದು?"

"ಹೋದ ಶುಕ್ರವಾರಕ್ಕೂ ಹಿಂದಿನ ಶುಕ್ರವಾರ."

"ಗುರುವಾರದ ತನಕ ಇದ್ದ."

"ಇದ್ದ."

"ಗುರುವಾರ ನಾನು ಹೊಲದಲ್ಲಿದ್ದೆ," ಅಂದಳು. "ಬೋರಕ್ಕನ ಜೊತೆ ಬುತ್ತಿ ತಿಂದೆ. ಅವಳು ಏನೋ ಹೇಳಿದಳು ಅಂತ ಹೊಟ್ಟೆ ಹಿಡಿದು ನಕ್ಕೆ." ಹುರುಳಿಯನ್ನು ಮೊರಕ್ಕೆ ಬಿಟ್ಟಳು. "ನಲವತ್ತೊಂದು ವರ್ಷ ನನ್ನ ಗಂಡನ ಕೈ ನೀನು ಹಿಡಿದುಕೊಂಡಿದ್ದೆ."

ನನಗೆ ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ಕ್ಷಮಿಸು ಅನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ಅದನ್ನ ಅನ್ನಬೇಡ. ಅಂದರೆ ನಾನು ಏನಾದರೂ ಹೇಳಬೇಕಾಗುತ್ತೆ."

ಎದ್ದು ಒಳಗೆ ಹೋದಳು. ಗೂಡಿನಿಂದ ತಟ್ಟೆಯನ್ನು ಎತ್ತುವ ಸದ್ದು ಕೇಳಿಸಿತು. ತಟ್ಟೆ ಇದ್ದಲ್ಲಿ ಮಸಿ ಹಿಡಿಯದ ಒಂದು ದುಂಡನೆಯ ಗುರುತು ಉಳಿದಿತ್ತು, ಬಾಗಿಲಿನಿಂದಲೇ ನನಗೆ ಕಂಡಿತು. ತಟ್ಟೆಯನ್ನು ಸೆರಗಿನಿಂದ ಒರೆಸಿ, ನೆಟ್ಟಗೆ ಮಾಡಿ ಇಟ್ಟಳು. ಒಂದು ಗಳಿಗೆ ಹಾಗೇ ಬಿಟ್ಟಳು, ಊಟಕ್ಕೆ ಬರುವವನಿಗೆ ಇಟ್ಟ ಹಾಗೆ. ಆಮೇಲೆ ಮತ್ತೆ ಬೋರಲು ಹಾಕಿದಳು. ಹೊರಗೆ ಬಂದು, "ನಡಿ," ಅಂದಳು. "ನನಗೆ ಹೇಳಿದ್ದು ಸಾಲದು. ಅವನು ಕೂತಿದ್ದ ಜಾಗದಲ್ಲಿ ನಿಂತು ಊರಿಗೆ ಹೇಳು. ಅವನನ್ನ ಕಂಬ ಮಾಡಿದರಲ್ಲ, ಅವರೆಲ್ಲ ಕೇಳಲಿ."

ಅತ್ತೆ ಹೇಳಿದ್ದು ನನಗೆ ನೆನಪಿತ್ತು. ದ್ಯಾವಮ್ಮನಿಗೂ ಹೇಳಿದೆ. ಹೇಳಿದರೆ ಎಲ್ಲರೂ ಅಗೀತಾರೆ ಕಣೆ ಅಂದೆ. "ಅಗೀಲಿ," ಅಂದಳು.

ಹೇಳಿದೆ. ಬಟ್ಟೆಕಟ್ಟೆಯ ಮೇಲೆ, ಉಪ್ಪಿನ ಕಲೆಯ ಪಕ್ಕದಲ್ಲಿ ನಿಂತು. ಬದುಕಿದ್ದವನನ್ನು ನಾನು ಸಾಯಿಸಿದೆ, ಬಟ್ಟೆಯಲ್ಲ ಅಂದೆ. ಕುದಿನೀರಿಗೆ ಹಾಕಿದರೆ ಯಾರ ಬಟ್ಟೆಯೂ ಮುಚ್ಚುತ್ತದೆ ಅಂದೆ. ನಮ್ಮ ಮನೆಯ ಹೆಂಗಸರು ಎಷ್ಟು ತಲೆಮಾರಿನಿಂದ ಬಾಯೊಳಗೆ ಇಟ್ಟುಕೊಂಡಿದ್ದ ಮಾತು, ಒಂದು ಉಸಿರಿಗೆ ಮುಗಿಯಿತು. ಯಾರೂ ಕೂಗಾಡಲಿಲ್ಲ. ತಮ್ಮಣ್ಣಯ್ಯ ಈಗ ಎಪ್ಪತ್ತು ದಾಟಿದವನು, ಕೋಲು ಊರಿಕೊಂಡು ಮುಂದೆ ಬಂದ. "ಅವನು ನನಗೆ ಉಪ್ಪು ಕೊಡೋಕೆ ಬಂದಿದ್ದ," ಅಂದ. ಆ ಕಲೆಯ ಮೇಲೆ ಕೋಲಿನ ತುದಿ ಇಟ್ಟು ನಿಂತ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಕರಗಿಹೋದರು. ನನಗೆ ಊರು ಬಿಡು ಎಂದು ಯಾರೂ ಹೇಳಲಿಲ್ಲ. ಮಾರನೇ ದಿನದಿಂದ ಬದುಕಿರುವವರ ಬಟ್ಟೆಯನ್ನು ನನಗೆ ಕೊಡುವುದು ಬಿಟ್ಟರು, ಅವರವರ ಹಿತ್ತಲಲ್ಲೇ ತೊಳೆದುಕೊಳ್ಳುತ್ತಾರೆ. ನನ್ನ ಮಗಳೂ ಅಷ್ಟೇ.

ಬಂದದ್ದು ಬೇರೆ ಬಟ್ಟೆಗಳು. ಮೊದಲು ಬಂದವಳು ಬೋರಕ್ಕ. ದೋಣಿ ಕೆಲಸಕ್ಕೆ ಹೋದ ಅವಳ ಮಗನ ಬಟ್ಟೆ ಮುಚ್ಚಿ ಹನ್ನೆರಡು ವರ್ಷ. ಉಗುರೊಳಗೆ ಮಣ್ಣು ಹಾಗೇ ಇತ್ತು. ಮುದ್ದೆಯಂತಿದ್ದ ಒಂದನ್ನು ನನ್ನ ಮುಂದೆ ಹಿಡಿದು, "ಅವತ್ತು ನಿನ್ನ ಕೈಗೆ ಏನಾದರೂ ನೋವಾಗಿತ್ತಾ, ನೆನಪು ಮಾಡಿಕೋ ತಾಯಿ," ಅಂದಳು. ಎಂಥ ಆಸೆ ಅವಳ ಮುಖದಲ್ಲಿ. ಹನ್ನೆರಡು ವರ್ಷದಿಂದ ಸಮಾಧಾನವಾಗಿ ಬುತ್ತಿ ಹಂಚಿಕೊಂಡು ನಗುತ್ತಿದ್ದವಳು. ಇಲ್ಲಮ್ಮ, ಅದನ್ನ ಸರಿಯಾಗಿಯೇ ತೊಳೆದಿದ್ದೆ ಅಂದೆ. "ನೀನು ದ್ಯಾವಮ್ಮನಿಗೂ ಹಾಗೇ ಅಂದಿದ್ದೆಯಲ್ಲ," ಅಂದಳು. ಬುಟ್ಟಿಗೆ ಹಾಕಿ ಹೋದಳು.

ಸಂಜೆಯೊಳಗೆ ಹತ್ತೊಂಬತ್ತು ಬಂದವು. ಬಯಲಿನಲ್ಲಿ ಬಿಳಿಕಲ್ಲುಗಳೆಲ್ಲ ಉರುಳಿ ಬಿದ್ದಿದ್ದವು. ಕೆಲವು ಬಟ್ಟೆ ಮುಟ್ಟಿದರೆ ಎಳೆ ಎಳೆಯಾಗಿ ಬರುತ್ತವೆ, ಕೆಲವಕ್ಕೆ ಬೇರು ಹೊಕ್ಕಿದೆ. ಎರಡಕ್ಕೆ ಗುರುತಿನ ದಾರ ಮಾತ್ರ ಉಳಿದಿದೆ, ಅದನ್ನೇ ತಂದಿದ್ದಾರೆ. ನಮ್ಮತ್ತೆಯ ಕಾಲದವು ಕೆಲವು, ಅವಳ ಅತ್ತೆಯ ಕಾಲದ್ದೂ ಒಂದು ಇದೆ. ಅದಕ್ಕೆ ಅಳುವ ಜನವೇ ಇಲ್ಲ, ಮೊಮ್ಮಗನ ಮೊಮ್ಮಗಳು ತಂದುಕೊಟ್ಟಳು. ಇವು ತೆರೆಯುವುದಿಲ್ಲ ಎಂದು ನನ್ನ ಕೈಗೆ ಗೊತ್ತು. ಎಳೆ ನಯವಾಗಿದೆ, ಬೆಂದ ಬಿರುಸಿಲ್ಲ. ಹಾಗೆಂದು ಹೇಳಿದರೆ ಈಗ ಯಾರು ನಂಬುತ್ತಾರೆ? ದಿನಾ ಸಂಜೆ ಜನ ಕಟ್ಟೆಯ ಸುತ್ತ ಬಂದು ನಿಲ್ಲುತ್ತಾರೆ. ನಾನು ಒಂದೊಂದಕ್ಕೂ ಒಂದು ಬೊಗಸೆ ನೀರು ಸುರಿಯುತ್ತೇನೆ. ನಿಲ್ಲುತ್ತದೆ. ನಾಳೆ ನೋಡೋಣ ಎಂದು ಹೋಗುತ್ತಾರೆ. ಬೋರಕ್ಕ ಈಗ ಬುತ್ತಿ ಕಟ್ಟುವುದಿಲ್ಲವಂತೆ.

ಲಕ್ಕಣ್ಣನ ಬಟ್ಟೆಯೂ ಅದರಲ್ಲೇ ಇದೆ. ದ್ಯಾವಮ್ಮ ಅದನ್ನು ಮತ್ತೆ ಹೂಳಲಿಲ್ಲ. ಅವನು ತೀರಿಹೋಗಿದ್ದಾನೆ ಎಂದು ನಾನು ಎಷ್ಟು ಹೇಳಿದರೂ, "ನಿನ್ನ ಮಾತಿನ ಮೇಲೆ ಒಂದು ಸಲ ಹೂತಿದೀನಿ," ಅನ್ನುತ್ತಾಳೆ. ದಿನಾ ಬೆಳಿಗ್ಗೆ ಬಂದು ಅವನು ಕೂತಿದ್ದ ಜಾಗದಲ್ಲಿ ಕೂರುತ್ತಾಳೆ. ನನ್ನ ಜೊತೆ ಬೇರೆ ಮಾತಿಲ್ಲ, ಸುಕ್ಕಿನ ಹಾಸ್ಯವೂ ಇಲ್ಲ. ನಾನು ಬುಟ್ಟಿಯಿಂದ ನೀಲಿ ದಾರದ ಬಟ್ಟೆ ತೆಗೆದು ತೊಟ್ಟಿಯ ಮೇಲೆ ಹಿಡಿದುಕೊಂಡು ನಿಲ್ಲುತ್ತೇನೆ. ಅವಳು ತೋಳಿನವರೆಗೆ ಕೈ ನೀರಿಗೆ ಇಳಿಸಿ, ತಳ ಮುಟ್ಟಿ, ಬೆರಳು ಮರಗಟ್ಟುವವರೆಗೆ ಹಾಗೇ ಇಟ್ಟುಕೊಂಡು ನೋಡುತ್ತಾಳೆ.

"ತಣ್ಣಗೈತೆ," ಅನ್ನುತ್ತಾಳೆ. "ಹಾಕು."